ಜಿಆರ್‌ಇ ವರ್ಬಲ್: ಆಪ್ಷನ್ ನೋಡೋಕೆ ಮುಂಚೆ ಉತ್ತರ ನಿಮ್ಮ ಹತ್ರ ಇರ್ಬೇಕು

ಹೊರದೇಶದಲ್ಲಿ ಎಂಎಸ್‌ಗೆ (ಸ್ನಾತಕೋತ್ತರ ಪದವಿಗೆ) ಅಪ್ಲೈ ಮಾಡೋ ನಮ್ಮ ಇಂಜಿನಿಯರಿಂಗ್ ಹುಡುಗ್ರು ಹುಡುಗೀರು ಅದಕ್ಕೆ ಬರೆಯೋ ಜಿಆರ್‌ಇ ಪ್ರವೇಶ ಪರೀಕ್ಷೇಲಿ ಕ್ವಾಂಟ್, ಅಂದ್ರೆ ಗಣಿತದ ಭಾಗದ ಬಗ್ಗೆ ಅಷ್ಟಾಗಿ ತಲೆ ಕೆಡಿಸ್ಕೊಳಲ್ಲ, ವರ್ಬಲ್, ಅಂದ್ರೆ ಇಂಗ್ಲಿಷ್ ಭಾಗ ಅಂದ ತಕ್ಷಣ ಮಾತ್ರ ಎಲ್ಲಿಂದಾದ್ರೂ ಒಂದು ದೊಡ್ಡ ವರ್ಡ್ ಲಿಸ್ಟ್ ಹಿಡ್ಕೊಂಡು ಎ ಅಕ್ಷರದಿಂದ ಬಾಯಿಪಾಠ ಶುರು ಮಾಡಿ ಸಿ ಬರೋಷ್ಟರಲ್ಲಿ ಸುಸ್ತಾಗಿ ಕೂತಿರ್ತಾರೆ. ಲಿಸ್ಟ್ ಬೇಡ ಅಂತ ನಾನು ಹೇಳಲ್ಲ, ಪದಗಳು ಬೇಕೇ ಬೇಕು. ಆದ್ರೆ ಆಪ್ಷನ್‌ನಲ್ಲಿರೋ ಪದಗಳೆಲ್ಲ ಗೊತ್ತಿದ್ದೂ ತಪ್ಪು ಉತ್ತರ ಒತ್ತಿ ಬರೋರನ್ನ ಬೇಕಾದಷ್ಟು ನೋಡಿದೀನಿ. ಕಾರಣ ಹೆಚ್ಚಾಗಿ ಒಂದೇ: ವಾಕ್ಯ ಅರ್ಧ ಓದಿ ಆಪ್ಷನ್‌ಗೆ ಇಳಿದುಬಿಡ್ತಾರೆ, ಆಪ್ಷನ್‌ಗಳು ಇರೋದೇ ನಿಮ್ಮನ್ನ ಆಕಡೆ ಈಕಡೆ ಎಳೆಯೋಕೆ. ಅದಕ್ಕೇ ಮೊದಲು ನಿಮ್ಮ ಉತ್ತರ ಮಾಡ್ಕೊಳಿ, ಆಮೇಲೆ ಅದಕ್ಕೆ ಹೊಂದೋ ಆಪ್ಷನ್ ಹುಡುಕಿ. ಕೆಳಗೆ ಹೇಳೋದೆಲ್ಲ ಇದನ್ನ ಒಂದೊಂದು ತರದ ಪ್ರಶ್ನೆಗೆ ಹೆಂಗೆ ಮಾಡೋದು ಅಂತಾನೇ.

ಮೊದಲು ಪರೀಕ್ಷೆ ಹೆಂಗಿದೆ ಅಂತ ಬೇಗ ಹೇಳ್ಬಿಡ್ತೀನಿ, ಯಾಕಂದ್ರೆ ಹಳೇ ಮಟೀರಿಯಲ್ ಇಟ್ಕೊಂಡು ಓದೋರು ಇನ್ನೂ ಇದಾರೆ. 2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ ಚಿಕ್ಕದಾಗಿದೆ, ಒಟ್ಟು 1 ಗಂಟೆ 58 ನಿಮಿಷ, ಮಧ್ಯೆ ಬ್ರೇಕ್ ಇಲ್ಲ. ವರ್ಬಲ್‌ನಲ್ಲಿ ಎರಡು ಸೆಕ್ಷನ್, ಮೊದಲನೇದ್ರಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೇದ್ರಲ್ಲಿ 23 ನಿಮಿಷಕ್ಕೆ 15 ಪ್ರಶ್ನೆ. ಸ್ಕೋರ್ 130ರಿಂದ 170ರವರೆಗೆ. ಮೊದಲನೇ ಸೆಕ್ಷನ್ ಹೆಂಗೆ ಮಾಡಿದ್ರಿ ಅನ್ನೋದ್ರ ಮೇಲೆ ಎರಡನೇದು ಎಷ್ಟು ಕಷ್ಟದ್ದು ಬರತ್ತೆ ಅಂತ ತೀರ್ಮಾನ ಆಗತ್ತೆ. ನೆಗೆಟಿವ್ ಮಾರ್ಕಿಂಗ್ ಇಲ್ಲ. ಒಂದು ಸೆಕ್ಷನ್ ಒಳಗೆ ಹಿಂದೆ ಮುಂದೆ ಹೋಗ್ಬಹುದು, ಮಾರ್ಕ್ ಮಾಡಿಟ್ಟು ವಾಪಸ್ ಬರ್ಬಹುದು. ಆಂಟನಿಮ್, ಅನಾಲಜಿ ಪ್ರಶ್ನೆಗಳನ್ನ 2011ರಲ್ಲೇ ತೆಗೆದಾಯ್ತು, ನಿಮ್ಮ ಸೀನಿಯರ್ ಕೊಟ್ಟ ಪುಸ್ತಕದಲ್ಲಿ ಅವು ಇದ್ರೆ ಆ ಪುಸ್ತಕ ಪಕ್ಕಕ್ಕಿಡಿ. ಈಗ ಇರೋದು ಮೂರೇ ತರ: ಟೆಕ್ಸ್ಟ್ ಕಂಪ್ಲೀಷನ್, ಸೆಂಟೆನ್ಸ್ ಇಕ್ವಿವಲೆನ್ಸ್, ರೀಡಿಂಗ್ ಕಾಂಪ್ರಹೆನ್ಷನ್.

ಟೆಕ್ಸ್ಟ್ ಕಂಪ್ಲೀಷನ್ ಅಂದ್ರೆ ಬಿಟ್ಟ ಸ್ಥಳ ತುಂಬೋದು. ಒಂದು ಬ್ಲ್ಯಾಂಕ್ ಇದ್ರೆ ಐದು ಆಪ್ಷನ್, ಎರಡೋ ಮೂರೋ ಇದ್ರೆ ಒಂದೊಂದಕ್ಕೂ ಮೂರು ಆಪ್ಷನ್, ಎಲ್ಲಾ ಬ್ಲ್ಯಾಂಕೂ ಸರಿ ಇದ್ರೆ ಮಾತ್ರ ಮಾರ್ಕ್ಸ್. ಇಲ್ಲಿ ಮಾಡ್ಬೇಕಾದ್ದು ಏನಂದ್ರೆ ಆಪ್ಷನ್‌ಗಳನ್ನ ಕೈಯಿಂದ ಮುಚ್ಚಿಟ್ಟಂಗೆ ಮಾಡ್ಕೊಂಡು ವಾಕ್ಯ ಪೂರ್ತಿ ಓದಿ, ಬ್ಲ್ಯಾಂಕ್‌ನಲ್ಲಿ ಏನು ಬರ್ಬೇಕು ಅಂತ ನಿಮ್ಮದೇ ಒಂದು ಮಾತು ಹಾಕಿ. ಆ ಮಾತು ಇಂಗ್ಲಿಷ್‌ನಲ್ಲೇ ಬರ್ಬೇಕು ಅಂತೇನಿಲ್ಲ, ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಕನ್ನಡ ಮೀಡಿಯಮ್‌ನಲ್ಲಿ ಓದಿ ಬಂದೋರು ಇಲ್ಲೇ ಸುಮ್ನೆ ಹೆದರ್ತಾರೆ. "ಮೂಗುಮುರಿದ್ರು", "ಹೊಗಳಿದ್ರು", "ಸುಮ್ನಾದ್ರು" ಅಂತ ಕನ್ನಡದಲ್ಲೇ ಬಂದ್ರೂ ಸಾಕು, ಬೇಕಾಗಿರೋದು ದಿಕ್ಕು ಮತ್ತೆ ಅರ್ಥ.

ಆ ದಿಕ್ಕು ತೋರಿಸೋ ಪದಗಳು ವಾಕ್ಯದಲ್ಲೇ ಇರ್ತವೆ. ಆಲ್‌ದೋ, ಡಿಸ್ಪೈಟ್, ಯೆಟ್, ಫಾರ್ ಫ್ರಮ್, ಪ್ಯಾರಡಾಕ್ಸಿಕಲಿ ಅಂತ ಬಂದ್ರೆ ಅರ್ಥ ತಿರುಗ್ತಿದೆ. ಬಿಕಾಸ್, ಇಂಡೀಡ್, ಸೆಮಿಕೋಲನ್, ಕೋಲನ್ ಬಂದ್ರೆ ಅದೇ ದಿಕ್ಕಲ್ಲಿ ಹೋಗ್ತಿದೆ. ಕೋಲನ್‌ನ ತುಂಬಾ ಜನ ಕಣ್ಣಿಗೇ ಹಾಕ್ಕೊಳಲ್ಲ, ಆದ್ರೆ ಕೋಲನ್ ಆದ್ಮೇಲೆ ಬರೋದು ಹೆಚ್ಚಾಗಿ ಬ್ಲ್ಯಾಂಕ್‌ನ ವಿವರಣೆಯೇ ಆಗಿರತ್ತೆ.

ಒಂದು ಉದಾಹರಣೆ, ಪರೀಕ್ಷೇಲಿ ಇಂಗ್ಲಿಷ್‌ನಲ್ಲಿ ಇರತ್ತೆ, ನಾನು ಕನ್ನಡದಲ್ಲಿ ಬರೀತೀನಿ. "ಹೊಸಬರ ಕವನಗಳನ್ನ ಆ ವಿಮರ್ಶಕಿ ಸಾಮಾನ್ಯವಾಗಿ ಡ್ಯಾಶ್ ಮಾಡ್ತಾರೆ, ಆದರೆ ಈ ಸಂಕಲನದ ಬಗ್ಗೆ ಅವರು ಬರೆದಿರೋದು ಪೂರ್ತಿ ಡ್ಯಾಶ್, ಒಂದೇ ಒಂದು ದೋಷವನ್ನೂ ಎತ್ತಿಲ್ಲ." ಮೊದಲನೇ ಬ್ಲ್ಯಾಂಕ್‌ನಿಂದ ಶುರು ಮಾಡಿದ್ರೆ ಏನೂ ಸಿಗಲ್ಲ, ಅಲ್ಲಿ ಆಧಾರ ಇಲ್ಲ. ಎರಡನೇದಕ್ಕೆ ಪಕ್ಕದಲ್ಲೇ ಆಧಾರ ಇದೆ, ದೋಷ ಎತ್ತಿಲ್ಲ ಅಂದ್ಮೇಲೆ ಹೊಗಳಿಕೆ, ಸೋ ಲಾಡೇಟರಿ ತರದ ಪದ. ಈಗ "ಆದರೆ" ಇರೋದ್ರಿಂದ ಮೊದಲನೇದು ಅದರ ಉಲ್ಟಾ, ಬೈಯೋದು, ಎಕ್ಸ್‌ಕೋರಿಯೇಟ್ ತರದ ಪದ. ಎರಡು ಮೂರು ಬ್ಲ್ಯಾಂಕ್ ಇರೋ ಪ್ರಶ್ನೇಲಿ ಯಾವುದಕ್ಕೆ ಆಧಾರ ಗಟ್ಟಿ ಇದೆಯೋ ಅಲ್ಲಿಂದ ಶುರು ಮಾಡಿ, ಎಡದಿಂದ ಬಲಕ್ಕೆ ಹೋಗ್ಬೇಕು ಅನ್ನೋ ರೂಲ್ ಏನಿಲ್ಲ. ಕೊನೇಲಿ ಎಲ್ಲಾ ಪದ ಹಾಕಿ ಒಂದ್ಸಲ ಪೂರ್ತಿ ಓದಿ, ಇದಕ್ಕೆ ಐದು ಸೆಕೆಂಡ್ ಸಾಕು.

ಸೆಂಟೆನ್ಸ್ ಇಕ್ವಿವಲೆನ್ಸ್‌ನಲ್ಲಿ ಬ್ಲ್ಯಾಂಕ್ ಒಂದೇ, ಆಪ್ಷನ್ ಆರು, ಎರಡು ಆರಿಸ್ಬೇಕು, ಎರಡೂ ಹಾಕಿದಾಗ ವಾಕ್ಯದ ಅರ್ಥ ಒಂದೇ ಬರ್ಬೇಕು. ಇಲ್ಲಿ ಶಾರ್ಟ್‌ಕಟ್ ಅಂತ ಹೇಳ್ಕೊಡೋದು, ಆರರಲ್ಲಿ ಸಮಾನಾರ್ಥಕ ಜೋಡಿ ಹುಡುಕಿ ಒತ್ತಿಬಿಡಿ ಅಂತ. ಅದನ್ನ ನಂಬಿ ಹೋದ್ರೆ ಸರಿಯಾಗಿ ಸಿಕ್ಕಿಹಾಕ್ಕೊತೀರ, ಯಾಕಂದ್ರೆ ವಾಕ್ಯಕ್ಕೆ ಹೊಂದದೇ ಇರೋ ಜೋಡೀನೂ ಅಲ್ಲಿಟ್ಟಿರ್ತಾರೆ. "ಟೀಕೆ ಜಾಸ್ತಿ ಆದಷ್ಟೂ ಮಂತ್ರಿ ಇನ್ನಷ್ಟು ಡ್ಯಾಶ್ ಆದರು, ಕರಡಿನಲ್ಲಿ ಒಂದಕ್ಷರ ಬದಲಿಸೋಕೂ ಒಪ್ಪಲಿಲ್ಲ." ಆಪ್ಷನ್‌ಗಳು ಕನ್ಸಿಲಿಯೇಟರಿ, ಆಬ್ಸ್ಟಿನೇಟ್, ಎಲೋಕ್ವೆಂಟ್, ಅಕಾಮಡೇಟಿಂಗ್, ಇನ್‌ಟ್ರಾನ್ಸಿಜೆಂಟ್, ಟಿಮಿಡ್ ಅಂತ ಇಟ್ಕೊಳಿ. ಕನ್ಸಿಲಿಯೇಟರಿ, ಅಕಾಮಡೇಟಿಂಗ್ ಚೆನ್ನಾಗಿರೋ ಜೋಡಿ, ಎರಡೂ ರಾಜಿಗೆ ಒಪ್ಪೋದು ಅಂತ, ಆದ್ರೆ ಅರ್ಥ ಪೂರ್ತಿ ಉಲ್ಟಾ. ನೀವು ಮೊದಲೇ "ಹಠ" ಅಂತ ಮನಸ್ಸಲ್ಲಿ ಹಾಕ್ಕೊಂಡಿದ್ರೆ ಆಬ್ಸ್ಟಿನೇಟ್, ಇನ್‌ಟ್ರಾನ್ಸಿಜೆಂಟ್ ಸೀದಾ ಸಿಗತ್ತೆ. ಇನ್ನೊಂದು ಬಲೆ ಏನಂದ್ರೆ ಒಂದು ಪದ ಬ್ಲ್ಯಾಂಕ್‌ಗೆ ಅಂದವಾಗಿ ಹೊಂದತ್ತೆ ಆದ್ರೆ ಅದಕ್ಕೆ ಜೊತೆ ಇರಲ್ಲ, ಅಂಥದ್ದು ಬಂದ್ರೆ ಎಷ್ಟೇ ಇಷ್ಟ ಆದ್ರೂ ಬಿಟ್ಟುಬಿಡಿ. ಜೋಡಿ ಹುಡುಕೋದು ಕೊನೇ ಚೆಕ್, ಮೊದಲ ಹೆಜ್ಜೆ ಅಲ್ಲ.

ಈಗ ಪದಗಳ ವಿಷಯ. ಅಕಾರಾದಿಯಾಗಿ ಓದ್ಬೇಡಿ, ಗುಂಪು ಮಾಡ್ಕೊಂಡು ಓದಿ. ಮಾತು ಕಮ್ಮಿ ಅನ್ನೋ ಗುಂಪಲ್ಲಿ ಟ್ಯಾಸಿಟರ್ನ್, ರೆಟಿಸೆಂಟ್, ಲಕಾನಿಕ್, ಮಾತು ಜಾಸ್ತಿ ಅನ್ನೋದ್ರಲ್ಲಿ ಗ್ಯಾರುಲಸ್, ಲೋಕ್ವೇಷಸ್, ವರ್ಬೋಸ್, ಹಿಂಗೆ. ಸೆಂಟೆನ್ಸ್ ಇಕ್ವಿವಲೆನ್ಸ್ ಕೇಳೋದೂ ಗುಂಪುಗಳನ್ನೇ ತಾನೆ. ಒಂದೊಂದು ಪದಕ್ಕೂ ನಿಮ್ಮದೇ ಒಂದು ವಾಕ್ಯ ಬರೀರಿ, ನಿಮಗೆ ಗೊತ್ತಿರೋ ಮನುಷ್ಯರ ಬಗ್ಗೆ ಬರೆದ್ರೆ ಮರೆಯೋದೇ ಇಲ್ಲ.

ಕಷ್ಟದ ಪದಗಳಿಗಿಂತ ಅಪಾಯ ಇರೋದು ಗೊತ್ತಿರೋ ಪದಗಳಲ್ಲಿ, ಇದನ್ನ ಯಾಕೋ ಯಾರೂ ಸರಿಯಾಗಿ ಹೇಳ್ಕೊಡಲ್ಲ. ಕ್ವಾಲಿಫೈ ಅಂದ್ರೆ ಅರ್ಹತೆ ಪಡೆಯೋದು ಅಂತ ನಮಗೆ ಗೊತ್ತು, ಆದ್ರೆ ಜಿಆರ್‌ಇಲಿ ಅದು ಹೇಳಿದ ಮಾತಿಗೆ ಮಿತಿ ಹಾಕೋದು, "ಹೌದು, ಆದ್ರೆ ಇಷ್ಟರ ಮಟ್ಟಿಗೆ" ಅನ್ನೋದು. ಟೆಂಪರ್ ಅಂದ್ರೆ ತೀವ್ರತೆ ಕಮ್ಮಿ ಮಾಡೋದು, ಅರೆಸ್ಟ್ ಅಂದ್ರೆ ತಡೆಯೋದು, ಚೆಕ್ ಅಂದ್ರೂ ತಡೆಯೋದೇ, ವಾಂಟ್ ಅಂದ್ರೆ ಕೊರತೆ, ಎಕಾನಮಿ ಅಂದ್ರೆ ಮಿತವ್ಯಯ. ಸ್ಯಾಂಕ್ಷನ್‌ಗೆ ಒಪ್ಪಿಗೆ ಕೊಡೋದು ಅಂತಾನೂ ಅರ್ಥ ಇದೆ, ಶಿಕ್ಷೆ ಹಾಕೋದು ಅಂತಾನೂ ಇದೆ, ವಾಕ್ಯ ನೋಡೇ ಹೇಳ್ಬೇಕು. ಹಂಗೇ ಕೇಳೋಕೆ ಒಂದು ತರ ಇದ್ದು ಅರ್ಥ ಬೇರೆ ಇರೋವು: ಎನರ್ವೇಟ್ ಅಂದ್ರೆ ಎನರ್ಜಿ ಕೊಡೋದಲ್ಲ, ಶಕ್ತಿ ಹೀರೋದು. ರೆಸ್ಟಿವ್ ಅಂದ್ರೆ ಆರಾಮಾಗಿರೋದಲ್ಲ, ಚಡಪಡಿಸೋದು. ನಾಯ್ಸಮ್‌ಗೂ ಗಲಾಟೆಗೂ ಸಂಬಂಧ ಇಲ್ಲ, ಅದು ಹೊಲಸು, ದುರ್ವಾಸನೆ. ಡಿಸ್‌ಇಂಟರೆಸ್ಟೆಡ್ ಅಂದ್ರೆ ಪಕ್ಷಪಾತ ಇಲ್ದೇ ಇರೋದು. ಮೂಲ ಧಾತು ಹಿಡಿದು ಊಹೆ ಮಾಡೋದು ಎಷ್ಟೋ ಸಲ ಕೈಹಿಡಿಯತ್ತೆ ಆದ್ರೆ ಇಂಥವುಗಳಿಗೆ ಒಂದು ಬೇರೆ ಪುಟ ಇಟ್ಟು ಬರ್ಕೊಳಿ.

ರೀಡಿಂಗ್ ಕಾಂಪ್ರಹೆನ್ಷನ್ (ಆರ್‌ಸಿ), ಅಂದ್ರೆ ಪ್ಯಾಸೇಜ್ ಓದಿ ಉತ್ತರಿಸೋದು, ವರ್ಬಲ್‌ನ ಹೆಚ್ಚುಕಮ್ಮಿ ಅರ್ಧ ಭಾಗ, ಆದ್ರೂ ಜನ ಪ್ರಾಕ್ಟೀಸ್ ಮಾಡೋದು ಕಡೇಲಿ. ಪ್ಯಾಸೇಜ್‌ಗಳಲ್ಲಿ ಹೆಚ್ಚಿನವು ಒಂದೇ ಪ್ಯಾರಾದವು, ಒಂದೋ ಎರಡೋ ಉದ್ದದ್ದು. ಓದುವಾಗ ವಾಕ್ಯವಾಕ್ಯಾನೂ ತಲೇಲಿ ಕನ್ನಡಕ್ಕೆ ತಿರುಗಿಸ್ಕೊಂಡು ಹೋಗೋ ಅಭ್ಯಾಸ ಇದ್ರೆ ನಿಲ್ಸಿ, ಟೈಮ್ ತಿನ್ನತ್ತೆ. ಅದರ ಬದಲು ಪ್ಯಾರಾ ಮುಗಿದ್ಮೇಲೆ ಒಂದು ಸಾಲಲ್ಲಿ ಕನ್ನಡದಲ್ಲೇ ಹೇಳ್ಕೊಳಿ: "ಜನ ಹಿಂಗಂತಾರೆ, ಇವ್ರು ಅಲ್ಲ ಅಂತಾರೆ, ಯಾಕಂದ್ರೆ ಇದು." ಅಷ್ಟು ಹೇಳೋಕೆ ಬರ್ಲಿಲ್ಲ ಅಂದ್ರೆ ಪ್ರಶ್ನೆಗೆ ಹೋಗೋ ಮುಂಚೆ ಇನ್ನೊಂದ್ಸಲ ಓದೋದೇ ಒಳ್ಳೇದು. ಯಾರ ಅಭಿಪ್ರಾಯ ಯಾವುದು ಅನ್ನೋದು ಕೈತಪ್ಪಬಾರದು, ಬಲೆ ಹೆಚ್ಚಾಗಿ ಅಲ್ಲೇ ಇರತ್ತೆ.

ಒಂದು ಪ್ಯಾಸೇಜ್ ನಾನೇ ಮಾಡಿ ತೋರಿಸ್ತೀನಿ. "1912ರಲ್ಲಿ ಆಲ್‌ಫ್ರೆಡ್ ವೆಗೆನರ್ ಖಂಡಗಳು ಚಲಿಸುತ್ತವೆ ಎಂದಾಗ ಹೆಚ್ಚಿನ ಭೂವಿಜ್ಞಾನಿಗಳು ಒಪ್ಪಲಿಲ್ಲ. ಇದನ್ನು ಬರೀ ಹಟಮಾರಿತನ ಎನ್ನುವ ಇತಿಹಾಸಕಾರರಿದ್ದಾರೆ. ಆದರೆ ಅಷ್ಟು ಭಾರವಾದ ಖಂಡಗಳನ್ನು ತಳ್ಳುವ ಶಕ್ತಿ ಯಾವುದು ಎಂಬುದಕ್ಕೆ ವೆಗೆನರ್ ಬಳಿ ತೃಪ್ತಿಕರ ಉತ್ತರವಿರಲಿಲ್ಲ." ಪ್ರಶ್ನೆ: ಲೇಖಕರ ಉದ್ದೇಶ ಏನು? ಆಪ್ಷನ್ ಒಂದು, ವೆಗೆನರ್ ಸಿದ್ಧಾಂತ ಸರಿ ಅಂತ ತೋರಿಸೋದು. ಎರಡು, ಭೂವಿಜ್ಞಾನಿಗಳು ಹಠಮಾರಿಗಳು ಅಂತ ಟೀಕಿಸೋದು. ಮೂರು, ಆ ವಿರೋಧಕ್ಕೆ ಸ್ವಲ್ಪ ಕಾರಣ ಇತ್ತು ಅಂತ ಹೇಳೋದು.

ಖಂಡಗಳು ಚಲಿಸೋದು ನಿಜ, 1960ರ ದಶಕದಲ್ಲಿ ಸಾಗರತಳ ಹರಡೋದಕ್ಕೆ ಪುರಾವೆ ಸಿಕ್ಕಿ ಪ್ಲೇಟ್ ಟೆಕ್ಟಾನಿಕ್ಸ್ ಗಟ್ಟಿಯಾಯ್ತು, ಸ್ಕೂಲಲ್ಲೇ ಓದಿದೀವಿ, ಅದಕ್ಕೇ ಆಪ್ಷನ್ ಒಂದು ಕಡೆ ಕೈ ಹೋಗತ್ತೆ. ಆದ್ರೆ ಪ್ಯಾಸೇಜ್ ಆ ಮಾತೇ ಆಡಿಲ್ಲ. ಎರಡನೇದು ಪ್ಯಾಸೇಜ್‌ನಲ್ಲಿದೆ ಆದ್ರೆ ಅದು ಕೆಲವು ಇತಿಹಾಸಕಾರರ ಮಾತು, ಲೇಖಕರದಲ್ಲ. ಉಳಿದಿದ್ದು ಮೂರು, "ಆದರೆ" ಆದ್ಮೇಲಿನ ವಾಕ್ಯ ಬೆರಳಿಟ್ಟು ತೋರಿಸ್ಬಹುದು. ಪ್ರತೀ ಆರ್‌ಸಿ ಉತ್ತರಕ್ಕೂ ಹಿಂಗೆ ಬೆರಳಿಡೋಕೆ ಒಂದು ಸಾಲು ಸಿಗ್ಬೇಕು, ಸಿಗ್ಲಿಲ್ಲ ಅಂದ್ರೆ ಆ ಆಪ್ಷನ್ ಎಷ್ಟೇ ಜಾಣತನದ್ದಾಗಿ ಕಂಡ್ರೂ ತಪ್ಪು. ಆಲ್ವೇಸ್, ನೆವರ್, ಓನ್ಲಿ ಅಂತ ಗಟ್ಟಿಯಾಗಿ ಹೇಳೋ ಆಪ್ಷನ್ ಕಂಡ್ರೆ ಪ್ಯಾಸೇಜೂ ಅಷ್ಟೇ ಗಟ್ಟಿಯಾಗಿ ಹೇಳಿದ್ಯಾ ಅಂತ ನೋಡಿ, ಹೆಚ್ಚಿನ ಸಲ ಹೇಳಿರಲ್ಲ.

ಮೂರು ಆಪ್ಷನ್ ಕೊಟ್ಟು ಸರಿ ಇರೋದನ್ನೆಲ್ಲ ಆರಿಸಿ ಅನ್ನೋ ಪ್ರಶ್ನೇಲಿ ಒಂದು ಸರಿ ಇರ್ಬಹುದು, ಮೂರೂ ಇರ್ಬಹುದು, ಅರ್ಧ ಮಾರ್ಕ್ಸ್ ಇಲ್ಲ. ಒಂದೊಂದನ್ನೂ ಬೇರೆ ಬೇರೆ ಹೌದು-ಅಲ್ಲ ಪ್ರಶ್ನೆ ಅಂತ ನೋಡಿ, ಒಂದಕ್ಕೊಂದು ಹೋಲಿಸ್ಬೇಡಿ. ಪ್ಯಾಸೇಜ್‌ನಲ್ಲೇ ಒಂದು ವಾಕ್ಯದ ಮೇಲೆ ಕ್ಲಿಕ್ ಮಾಡಿ ಅನ್ನೋದೂ ಬರತ್ತೆ, ಅದು ಸುಲಭ.

ವಾದ ಕೊಟ್ಟು ಅದನ್ನ ದುರ್ಬಲ ಮಾಡೋದು ಯಾವುದು ಅಂತ ಕೇಳೋ ಪ್ರಶ್ನೆಗಳು ಬೇರೆ ಜಾತಿ. "ಹೆಲ್ಮೆಟ್ ಕಡ್ಡಾಯ ಆದ್ಮೇಲೆ ತಲೆಗೆ ಪೆಟ್ಟಾಗಿ ಆಸ್ಪತ್ರೆಗೆ ಸೇರೋರು ಜಾಸ್ತಿ ಆದ್ರು, ಹಂಗಾಗಿ ಹೆಲ್ಮೆಟ್ ಉಪಯೋಗಕ್ಕೆ ಬರಲ್ಲ" ಅಂತ ಇದೆ ಅನ್ಕೊಳಿ. ಇಲ್ಲೂ ಆಪ್ಷನ್‌ಗೆ ಮುಂಚೆ ಕೇಳ್ಕೊಳಿ, ಈ ಆಧಾರಕ್ಕೂ ತೀರ್ಮಾನಕ್ಕೂ ಮಧ್ಯೆ ಏನು ಬಿಟ್ಟಿದಾರೆ ಅಂತ. ಮೊದಲು ಸ್ಥಳದಲ್ಲೇ ಸಾಯ್ತಿದ್ದೋರು ಈಗ ಬದುಕಿ ಆಸ್ಪತ್ರೆವರೆಗೆ ಬರ್ತಿರ್ಬಹುದಲ್ವಾ? ಆ ಬಿರುಕು ನಿಮಗೇ ಕಂಡುಬಿಟ್ರೆ ಸರಿ ಆಪ್ಷನ್ ಗುರುತು ಹಿಡಿಯೋಕೆ ಹತ್ತು ಸೆಕೆಂಡೂ ಬೇಡ.

ಟೈಮ್ ಲೆಕ್ಕ ಹಾಕಿದ್ರೆ ಪ್ರಶ್ನೆಗೆ ಸುಮಾರು ಒಂದೂವರೆ ನಿಮಿಷ. ಬ್ಲ್ಯಾಂಕ್ ಪ್ರಶ್ನೆಗಳನ್ನ ಒಂದು ನಿಮಿಷದ ಒಳಗೆ ಮುಗಿಸಿದ್ರೆ ಉಳಿದ ಟೈಮ್ ಪ್ಯಾಸೇಜ್‌ಗೆ ಸಿಗತ್ತೆ. ಆಪ್ಷನ್‌ನಲ್ಲಿ ಪದಗಳೇ ಗೊತ್ತಿಲ್ಲ ಅಂದ್ರೆ ನೋಡ್ತಾ ಕೂತ್ರೆ ಗೊತ್ತಾಗಲ್ಲ, ಯಾವುದೋ ಒಂದು ಒತ್ತಿ, ಮಾರ್ಕ್ ಮಾಡಿ, ಮುಂದೆ ಹೋಗಿ. ಉದ್ದದ ಪ್ಯಾಸೇಜ್ ಬಂದ್ರೆ ಅದನ್ನ ಕೊನೆಗಿಟ್ಟು ಚಿಕ್ಕವನ್ನ ಮೊದಲು ಮುಗಿಸೋದು ಒಳ್ಳೇದು.

ಪ್ರಾಕ್ಟೀಸ್‌ಗೆ ಮೊದಲು ಪರೀಕ್ಷೆ ನಡೆಸೋ ಇಟಿಎಸ್‌ನವರ ಪ್ರಶ್ನೆಗಳನ್ನೇ ಬಳಸಿ. ಅವರ ಪವರ್‌ಪ್ರೆಪ್ ಟೆಸ್ಟ್ ಎರಡು ಫ್ರೀ ಇದಾವೆ, ಒಂದನ್ನ ಶುರುವಲ್ಲಿ ತಗೊಳಿ, ಇನ್ನೊಂದನ್ನ ಪರೀಕ್ಷೆಗೆ ಒಂದು ವಾರ ಇದ್ದಾಗ. ಬೇರೆ ಕಡೆಯ ವರ್ಬಲ್ ಪ್ರಶ್ನೆಗಳಲ್ಲಿ ಎಷ್ಟೋ ಸಲ ಎರಡು ಉತ್ತರ ಸರಿ ಅನ್ಸತ್ತೆ, ಅದರಿಂದ ನಿಮ್ಮ ತರ್ಕದ ಮೇಲೇ ನಿಮಗೆ ನಂಬಿಕೆ ಹೋಗತ್ತೆ. ತಪ್ಪಾದ ಪ್ರಶ್ನೆ ಪ್ರತಿಯೊಂದಕ್ಕೂ ಒಂದು ಸಾಲು ಬರೀರಿ, ಪದ ಗೊತ್ತಿರ್ಲಿಲ್ವಾ, ತಿರುವು ಪದ ನೋಡ್ಲಿಲ್ವಾ, ಬೇರೆಯವರ ಅಭಿಪ್ರಾಯನ ಲೇಖಕರದು ಅಂದ್ಕೊಂಡ್ರಾ ಅಂತ. ಎರಡು ವಾರ ಬರೆದ್ರೆ ನಿಮ್ಮ ತಪ್ಪು ಯಾವ ಜಾತೀದು ಅಂತ ಕಣ್ಣಿಗೆ ಕಾಣತ್ತೆ, ಆಮೇಲೆ ಅದನ್ನೇ ಹಿಡಿದು ತಿದ್ದಿ. ಇದರ ಜೊತೆ ದಿನಾ ಒಂದು ಇಂಗ್ಲಿಷ್ ಲೇಖನ, ನಿಮಗೆ ಬೋರ್ ಅನ್ಸೋ ವಿಷಯದ್ದೇ ಆರಿಸ್ಕೊಳಿ, ಸಿಎಸ್‌ನೋರು ಕಲೆ ಇತಿಹಾಸದ್ದು ಓದಿ, ಬಯೋಟೆಕ್‌ನೋರು ಅರ್ಥಶಾಸ್ತ್ರ ಓದಿ.

ಮನೇಲೇ ಕೂತು ಪರೀಕ್ಷೆ ಬರೆಯೋರು ಗಮನಿಸಿ, ಮಾಮೂಲಿ ಹಾಳೆ ಪೆನ್ನು ಬಿಡಲ್ಲ, ಅಳಿಸೋಕೆ ಬರೋ ಚಿಕ್ಕ ವೈಟ್‌ಬೋರ್ಡ್ ಇಟ್ಕೊಬಹುದು, ಅದರ ಮೇಲೆ ಬರೆದು ಅಭ್ಯಾಸ ಮಾಡ್ಕೊಂಡೇ ಹೋಗಿ. ಸೆಕ್ಷನ್ ಮುಗಿಯೋಕೆ ಒಂದು ನಿಮಿಷ ಇದ್ದಾಗ ರಿವ್ಯೂ ಸ್ಕ್ರೀನ್ ತೆಗೆದು ಖಾಲಿ ಇರೋವೆಲ್ಲ ತುಂಬಿಬಿಡಿ. ಕೊನೇಲಿ ವರ್ಬಲ್, ಕ್ವಾಂಟ್ ಸ್ಕೋರ್ ಸ್ಕ್ರೀನ್ ಮೇಲೇ ತೋರಿಸತ್ತೆ, ಅಧಿಕೃತವಾಗಿ 8ರಿಂದ 10 ದಿನದಲ್ಲಿ ಬರತ್ತೆ. ಮತ್ತೆ ಬರೀಬೇಕು ಅಂದ್ರೆ 21 ದಿನ ಕಾಯ್ಬೇಕು, ಹಂಗಾಗಿ ಯೂನಿವರ್ಸಿಟಿ ಡೆಡ್‌ಲೈನ್‌ಗೆ ಎರಡು ತಿಂಗಳಾದ್ರೂ ಮುಂಚೆ ಮೊದಲನೇ ಡೇಟ್ ಬುಕ್ ಮಾಡಿ.