ಅಣುತ್ಯಾಜ್ಯದ ಚರ್ಚೆಗೆ ಮಕ್ಕಳನ್ನು ಸಿದ್ಧಗೊಳಿಸುವವರಿಗೆ ಒಂದು ಸಲಹೆ

ಮಂಡ್ಯ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕ ಮಿತ್ರರೇ, ‘ಅಣುವಿದ್ಯುತ್ ಬೇಕೇ, ಬೇಡವೇ’ ಎಂಬ ವಿಷಯವನ್ನು ಚರ್ಚಾಸ್ಪರ್ಧೆಗೆ ದಯವಿಟ್ಟು ಕೊಡಬೇಡಿ. ಅದು ತೀರಾ ವಿಶಾಲವಾದದ್ದರಿಂದ ಮಕ್ಕಳು ಕಂಠಪಾಠದ ಭಾಷಣ ಒಪ್ಪಿಸಿ ಕುಳಿತುಬಿಡುತ್ತಾರೆ. ಅದರ ಬದಲು, ಅಣುಸ್ಥಾವರದಲ್ಲಿ ಬಳಸಿದ ಇಂಧನವನ್ನು ಭಾರತದಂತೆ ಪುನಸ್ಸಂಸ್ಕರಿಸಿ (ಅಂದರೆ ಮತ್ತೆ ಉಪಯೋಗಕ್ಕೆ ಬರುವ ಭಾಗವನ್ನು ಬೇರ್ಪಡಿಸಿ), ಉಳಿದ ತೀವ್ರ ವಿಕಿರಣದ ತ್ಯಾಜ್ಯವನ್ನು ಗಾಜಿನಲ್ಲಿ ಬೆಸೆದು ಇಡುವುದು ಸರಿಯೋ, ಫಿನ್ಲೆಂಡ್ ಯೋಜಿಸಿರುವಂತೆ ಸುಮಾರು 430 ಮೀಟರ್ ಆಳದ ಬಂಡೆಯಲ್ಲಿ ನೇರವಾಗಿ ಹೂಳುವುದು ಸರಿಯೋ ಎಂದು ಕೇಳಿ.

ವಾದಕ್ಕೆ ಮೊದಲು ಅರ್ಧಾಯುಷ್ಯ, ಅಂದರೆ ವಿಕಿರಣಶೀಲ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಮನಸ್ಸಿಗೆ ಇಳಿಯಲೇಬೇಕು. ನಾನು 64 ಒಂದು ರೂಪಾಯಿ ನಾಣ್ಯಗಳನ್ನು ಡಬ್ಬಿಯಲ್ಲಿ ಕುಲುಕಿ ಮೇಜಿನ ಮೇಲೆ ಸುರಿಸುತ್ತೇನೆ. ಸಿಂಹಮುಖ ಮೇಲಾದವನ್ನು ತೆಗೆದು, ಉಳಿದವನ್ನು ಮತ್ತೆ ಕುಲುಕಲು ಹೇಳುತ್ತೇನೆ. ಆರನೆಯ ಸುತ್ತಿಗೆ ಒಂದೆರಡು ನಾಣ್ಯಗಳು ಉಳಿದಿರುತ್ತವೆ, ಕೆಲವೊಮ್ಮೆ ಒಂದೂ ಇರುವುದಿಲ್ಲ. ಒಂದು ಸುತ್ತೆಂದರೆ ಒಂದು ಅರ್ಧಾಯುಷ್ಯ; ಬಳಸಿದ ಇಂಧನದಲ್ಲಿರುವ ವಿಕಿರಣಶೀಲ ವಸ್ತುಗಳಲ್ಲಿ ಸೀಸಿಯಂ-137ಕ್ಕೆ ಒಂದು ಸುತ್ತು ಸುಮಾರು 30 ವರ್ಷ, ಪ್ಲುಟೋನಿಯಂ-239ಕ್ಕೆ ಸುಮಾರು 24,000 ವರ್ಷ ಎಂದಾಗ ತರಗತಿಯೇ ಸ್ತಬ್ಧವಾಗುತ್ತದೆ.

ಮುಂದಿನ ವಾರ ಪರ, ವಿರೋಧ ತಂಡಗಳನ್ನು ಅದಲುಬದಲು ಮಾಡಿ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಕೈಗಾ ಅಣುವಿದ್ಯುತ್ ಸ್ಥಾವರದ ಉದಾಹರಣೆ ಇರಲಿ. ಆದರೆ 2012ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ಅಣುತ್ಯಾಜ್ಯ ಹೂಳುತ್ತಾರೆಂಬ ಸುದ್ದಿಗೆ ಪ್ರತಿಭಟನೆ ನಡೆದದ್ದನ್ನೂ, ಅಧಿಕಾರಿಗಳು ಅದನ್ನು ನಿರಾಕರಿಸಿದ್ದನ್ನೂ ತಿಳಿಸಿ, ಸ್ಥಳೀಯರ ಒಪ್ಪಿಗೆಯನ್ನು ಪಡೆಯುವ ಬಗೆ ಹೇಗೆಂದು ಎರಡೂ ತಂಡಗಳಿಂದ ಉತ್ತರ ಕೇಳಿ.