ಮೊದಲು ಡೈರಿ, ಆಮೇಲೆ ಹಾರ: ಪೇಟೆಂಟ್ ಏಜೆಂಟ್ ಗೆಳೆಯರು ತೀರಿಕೊಂಡಾಗ

ನಮ್ಮ ಹಿರಿಯ ಪೇಟೆಂಟ್ ಏಜೆಂಟ್ ಒಬ್ಬರು, ಅಂದರೆ ಹೊಸದನ್ನು ಕಂಡುಹಿಡಿದವರ ಪರವಾಗಿ ಪೇಟೆಂಟ್ ಅರ್ಜಿ ಬರೆದು ನಡೆಸುವವರು, ತೀರಿಕೊಂಡ ಐದನೇ ದಿನ ಅವರ ಮನೆಯಿಂದ ಫೋನ್ ಬಂತು. "ತಮ್ಮಾ, ಇವರ ಮೇಲ್‌ಗೆ ಚೆನ್ನೈದಿಂದ ಏನೋ ಬಂದೈತಿ, ನೋಡ್ತೀಯೇನು?" ಎಂದರು ವೈನಿ, ಅವರ ಹೆಂಡತಿ. ಹೋಗಿ ನೋಡಿದೆ. ಎಫ್‌ಇಆರ್, ಅಂದರೆ ಪೇಟೆಂಟ್ ಕಚೇರಿಯ ಮೊದಲ ಪರೀಕ್ಷಾ ವರದಿ. ಉತ್ತರ ಕೊಡಲು ಆರು ತಿಂಗಳು, ಕೇಳಿಕೊಂಡರೆ ಇನ್ನೂ ಮೂರು. ಮನೆ ಮುಂದಿನ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ, ದಿನ ಎಣಿಕೆ ಮಾತ್ರ ಶುರುವಾಗಿತ್ತು.

ಧಾರವಾಡದಲ್ಲಿ ವಕೀಲರು ತೀರಿಕೊಂಡರೆ ಅವರಿಗೆ ಸಂಘ ಇದೆ, ಕೋರ್ಟ್ ಆವರಣದಲ್ಲೇ ಶ್ರದ್ಧಾಂಜಲಿ ಸಭೆ ಆಗುತ್ತದೆ. ನಾವು ಪೇಟೆಂಟ್ ಕೆಲಸದವರು ಈ ಭಾಗದಲ್ಲಿ ಕೆಲವೇ ಮಂದಿ. ಜಾಸ್ತಿ ಜನ ಮನೆಯ ಒಂದು ಕೋಣೆಯಲ್ಲಿ ಕೂತು ಕೆಲಸ ಮಾಡುವವರು. ಕರ್ನಾಟಕದ ಅರ್ಜಿಗಳೆಲ್ಲ ಹೋಗುವ ಕಚೇರಿ ಇರುವುದು ಚೆನ್ನೈನಲ್ಲಿ. ಅಲ್ಲಿ ಯಾರಿಗೂ ನಮ್ಮ ಮುಖ ಗೊತ್ತಿರುವುದಿಲ್ಲ, ಸಹಿ ಮಾತ್ರ ಗೊತ್ತು. ಹಾಗಾಗಿ ನಮ್ಮವರನ್ನು ನೆನೆಯುವ ಕೆಲಸ ನಾವೇ ಮಾಡಬೇಕು. ನಾಲ್ಕಾರು ವರ್ಷಗಳಲ್ಲಿ ಇಬ್ಬರನ್ನು ಕಳೆದುಕೊಂಡ ಮೇಲೆ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ತಾರೀಖು ನೋಡಿ. ಹೂವಿನ ಹಾರ, ಫ್ಲೆಕ್ಸ್, ಪತ್ರಿಕೆಯಲ್ಲಿ ಫೋಟೋ, ಇವೆಲ್ಲ ಎರಡು ದಿನ ತಡವಾದರೂ ನಡೆಯುತ್ತದೆ. ಮನೆಯವರನ್ನು ಕೇಳಿ ಅವರ ಡೈರಿ, ಇಲ್ಲವೇ ಕಂಪ್ಯೂಟರಿನಲ್ಲಿರುವ ಪಟ್ಟಿ ತೆಗೆದುಕೊಳ್ಳಿ. ಪ್ರೊವಿಜನಲ್, ಅಂದರೆ ತಾತ್ಕಾಲಿಕ ವಿವರಣೆ ಮಾತ್ರ ಹಾಕಿ ಪೂರ್ಣ ವಿವರಣೆ ಬಾಕಿ ಇರುವ ಅರ್ಜಿಗಳನ್ನು ಮೊದಲು ಹುಡುಕಿ, ಅವಕ್ಕೆ 12 ತಿಂಗಳು ಮಾತ್ರ. ಬೇರೆ ಊರಿನ ಗೆಳೆಯರೊಬ್ಬರು ಹೋದಾಗ ನಾವ್ಯಾರೂ ಇದನ್ನು ನೋಡಲಿಲ್ಲ. ಒಬ್ಬ ಹುಡುಗನ ಅರ್ಜಿ ಹಾಗೇ ಬಿದ್ದುಹೋಯಿತು. ಅದು ಈಗಲೂ ನನ್ನನ್ನು ಕೊರೆಯುತ್ತದೆ. ಆ ಗೆಳೆಯರು ಬದುಕಿದ್ದಾಗ ಒಂದು ದಿನವೂ ತಾರೀಖು ತಪ್ಪಿಸಿದವರಲ್ಲ.

ಆಮೇಲೆ ಎಫ್‌ಇಆರ್ ಉತ್ತರಗಳು, ಪರೀಕ್ಷೆ ಕೋರುವ ಫಾರ್ಮ್ 18, ವಾರ್ಷಿಕ ಶುಲ್ಕಗಳು. ಶುಲ್ಕ ತಪ್ಪಿ ಪೇಟೆಂಟ್ ನಿಂತುಹೋದರೆ 18 ತಿಂಗಳ ಒಳಗೆ ಮತ್ತೆ ಜೀವ ಕೊಡಿಸಲು ಅರ್ಜಿ ಹಾಕಬಹುದು. ಆದರೆ ಎಫ್‌ಇಆರ್‌ಗೆ ಉತ್ತರ ಹೋಗದಿದ್ದರೆ ಅರ್ಜಿ ಕೈಬಿಟ್ಟ ಹಾಗೇ ಲೆಕ್ಕ. ಅದಕ್ಕೇ ಮನೆಯವರಿಗೆ ಒಂದು ಮಾತು ಕೈಮುಗಿದು ಹೇಳಿ: ಅವರ ಸಿಮ್ ಮತ್ತು ಇಮೇಲನ್ನು ಆರು ತಿಂಗಳಾದರೂ ಬಂದ್ ಮಾಡಬೇಡಿ. ಕಚೇರಿಯ ಪತ್ರಗಳೆಲ್ಲ ಅಲ್ಲಿಗೇ ಬರುತ್ತವೆ.

ಇಲ್ಲಿ ಒಂದು ಎಚ್ಚರ. ಡ್ರಾವರ್‌ನಲ್ಲಿ ಅವರ ಡಿಎಸ್‌ಸಿ ಟೋಕನ್, ಅಂದರೆ ಡಿಜಿಟಲ್ ಸಹಿ ಇರುವ ಪೆನ್‌ಡ್ರೈವ್ ಥರದ್ದು, ಸಿಗುತ್ತದೆ, ಪಾಸ್‌ವರ್ಡ್ ಬರೆದ ಚೀಟಿಯೂ ಪಕ್ಕದಲ್ಲೇ ಇರಬಹುದು. ಇದೊಂದನ್ನು ಫೈಲ್ ಮಾಡಿಬಿಡೋಣ ಅನ್ನಿಸುತ್ತದೆ. ಮಾಡಬೇಡಿ. ಅದು ತೀರಿಕೊಂಡವರ ಸಹಿ. ಏಜೆಂಟ್ ತೀರಿಕೊಂಡರೆ ಅವರಿಗೆ ಕೊಟ್ಟ ಅಧಿಕಾರವೂ ಮುಗಿಯಿತು, 1872ರ ಕರಾರು ಕಾಯ್ದೆಯೇ ಹಾಗೆ ಹೇಳುತ್ತದೆ. ಅರ್ಜಿದಾರರಿಗೆ ನೀವೇ ಫೋನ್ ಮಾಡಿ, ಸಾಧ್ಯವಾದರೆ ಹೋಗಿ ಬನ್ನಿ, ವಿಷಯ ತಿಳಿಸಿ. ಅವರು ಯಾರನ್ನು ಆರಿಸಿಕೊಳ್ಳುತ್ತಾರೋ ಅವರ ಹೆಸರಿಗೆ ಅಧಿಕಾರ ಕೊಡುವ ಹೊಸ ಫಾರ್ಮ್ 26 ಹೋಗಲಿ. ಫೈಲನ್ನು ನಿಮ್ಮ ಕಡೆ ಎಳೆದುಕೊಳ್ಳುವ ಮಾತು ಆ ಫೋನಿನಲ್ಲಿ ಬರಲೇಬಾರದು. ಪೇಟೆಂಟ್ ಏಜೆಂಟರ ರಿಜಿಸ್ಟರ್‌ನಿಂದ ತೀರಿಕೊಂಡವರ ಹೆಸರು ತೆಗೆಯಲು ಕಚೇರಿಗೆ ಬರೆಯುವ ಪತ್ರವನ್ನೂ ನೀವೇ ತಯಾರು ಮಾಡಿ ಮನೆಯವರ ಕೈಗೆ ಕೊಡಿ. ಆ ಒಂದು ಸಾಲು ಬರೆಯುವುದು ಅವರಿಗೆ ತುಂಬಾ ಕಷ್ಟ.

ಇನ್ನು ಪತ್ರಿಕೆಗೆ ಕೊಡುವ ನಿಧನ ವಾರ್ತೆ. ಅವಸರದಲ್ಲಿ ಯಾರೋ "ನೂರಾರು ಪೇಟೆಂಟ್ ಪಡೆದ ಖ್ಯಾತ ವಿಜ್ಞಾನಿ" ಎಂದು ಬರೆದುಕೊಡುತ್ತಾರೆ. ಪೇಟೆಂಟ್ ಸಿಗುವುದು ಅರ್ಜಿದಾರರಿಗೆ. ನಮ್ಮವರು ಅದನ್ನು ಬರೆದವರು, ವಾದಿಸಿ ಉಳಿಸಿಕೊಟ್ಟವರು. ಹಾಗೇ ಬರೆಯಿರಿ, ಅದರಲ್ಲೇ ಅವರ ಗೌರವ ಇದೆ. ವಕೀಲಿ ಓದಿರದಿದ್ದರೆ ವಕೀಲರು ಎಂದೂ ಬರೆಯಬೇಡಿ. ಪೇಟೆಂಟ್ ಏಜೆಂಟ್ ಆಗಲು ಬೇಕಾದದ್ದು ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ, ಜೊತೆಗೆ ಎರಡು ಪೇಪರ್ ಮತ್ತು ಒಂದು ಮೌಖಿಕ ಪರೀಕ್ಷೆ. ಅದನ್ನು ಪಾಸು ಮಾಡಿ ರಿಜಿಸ್ಟರ್‌ಗೆ ಹೆಸರು ಸೇರಿಸಿಕೊಂಡವರು ಎಂದರೆ ಸಾಕು.

ಸಭೆ ದೊಡ್ಡದಾಗಬೇಕಿಲ್ಲ. ಹುಬ್ಬಳ್ಳಿಯಲ್ಲಿ ಯಾರದಾದರೂ ಆಫೀಸ್ ಇರಲಿ, ಕಾಲೇಜಿನ ಒಂದು ಕ್ಲಾಸ್ ರೂಮ್ ಇರಲಿ, ಹದಿನೈದು ಕುರ್ಚಿ ಸಾಕು. ಅರ್ಜಿದಾರರನ್ನು ತಪ್ಪದೆ ಕರೆಯಿರಿ. ಮೈಕ್ ಹಿಡಿಯುವವರಿಗೆ ಮೊದಲೇ ಒಂದು ಮಾತು ಹೇಳಿಡಿ: ಇನ್ನೂ ಫೈಲ್ ಆಗದ ಕೆಲಸದ ಬಗ್ಗೆ ಬಾಯಿ ಬಿಡಬಾರದು. "ಕೊನೇ ವಾರ ಸರ್ ಗದಗಿನ ಒಬ್ಬರ ಮಗ್ಗಕ್ಕೆ ಹೀಗೊಂದು ಹೊಸ ಗಾಲಿ ಬರೆಯುತ್ತಿದ್ದರು" ಎಂದು ಪ್ರೀತಿಯಿಂದಲೇ ಯಾರೋ ಹೇಳುತ್ತಾರೆ. ಅಷ್ಟಕ್ಕೇ ಆ ಗಾಲಿಯ ಹೊಸತನಕ್ಕೆ ಕುತ್ತು ಬರಬಹುದು, ಪೇಟೆಂಟೇ ಕೈತಪ್ಪಬಹುದು. ಫೈಲ್ ಆಗಿ ಇನ್ನೂ ಪ್ರಕಟವಾಗದ್ದು ಕೂಡ ಅರ್ಜಿದಾರರ ಗುಟ್ಟೇ. ಬದುಕಿರುವ ತನಕ ಅವರು ಮನೆಯಲ್ಲೂ ಹೇಳದ ವಿಷಯ ಅದು, ಅವರ ಸಭೆಯಲ್ಲೇ ನಾವು ಅದನ್ನು ಹೊರಹಾಕಬಾರದು ಅಲ್ವಾ?

ಹಾಗಾದರೆ ಏನು ಹೇಳಬೇಕು? "ಸರಳ ಸಜ್ಜನಿಕೆಯ ವ್ಯಕ್ತಿ" ಎಂದು ಹತ್ತು ಜನ ಹೇಳಿ ಇಳಿಯುವ ಬದಲು ಅವರು ಬರೆದ ಒಂದು ಕ್ಲೈಮ್, ಅಂದರೆ ಅರ್ಜಿದಾರರು ತಮ್ಮದೆಂದು ಹಕ್ಕು ಕೇಳುವುದು ಯಾವುದು ಎಂದು ಹೇಳುವ ವಾಕ್ಯ, ತೆಗೆದುಕೊಳ್ಳಿ. ಪ್ರಕಟವಾದ ಅರ್ಜಿಗಳು ಕಚೇರಿಯ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ, ವಿವರಣೆ, ಆಕ್ಷೇಪಣೆ, ಉತ್ತರ ಎಲ್ಲವೂ. ಡೈರಿಯಲ್ಲಿ ಅರ್ಜಿ ನಂಬರ್ ನೋಡಿ ಹುಡುಕಿದರಾಯಿತು. ಮೊದಲ ಕ್ಲೈಮ್ ಗಟ್ಟಿಯಾಗಿ ಓದಿ, ಆಮೇಲೆ ಅದು ಹುಟ್ಟಿದ ಕಥೆ ಹೇಳಿ.

ನಾನು ಹೇಳಿದ ಕಥೆ ಇದು. ಆ ಅರ್ಜಿ ಪ್ರಕಟವಾಗಿ ಎಷ್ಟೋ ವರ್ಷ ಆಯಿತು, ಅದಕ್ಕೇ ಇಲ್ಲೂ ಬರೆಯಬಹುದು. ಬ್ಯಾಡಗಿ ಕಡೆಯ ವೆಲ್ಡಿಂಗ್ ಶೆಡ್‌ನವರೊಬ್ಬರು ಒಣಮೆಣಸಿನಕಾಯಿ ತೊಟ್ಟು ತೆಗೆಯುವ ಯಂತ್ರ ಮಾಡಿಕೊಂಡು ಬಂದಿದ್ದರು. ಅಂಗಿಯ ತುಂಬ ಮೆಣಸಿನಕಾಯಿ ಘಾಟು, ಕೋಣೆಯಲ್ಲಿದ್ದ ನಮಗೆಲ್ಲ ಸೀನು. ನಮ್ಮ ಸರ್ ಮೂಗಿಗೆ ಕರ್ಚೀಫ್ ಹಿಡಿದುಕೊಂಡೇ ಪೆನ್ಸಿಲಿನಲ್ಲಿ ಮೂರು ಚೌಕ ಬರೆದರು: ತೊಟ್ಟಿ, ರೋಲರ್, ಬ್ಲೇಡ್. ಆಮೇಲೆ ಕೇಳಿದರು, "ಇವು ಮೂರೂ ಇರೋ ಯಂತ್ರ ಅಂತ ಬರೀಲ್ಯಾ, ಮೂರೇ ಇರೋ ಯಂತ್ರ ಅಂತ ಬರೀಲ್ಯಾ?" ಶೆಡ್‌ನವರು ಒಂದು ಗಳಿಗೆ ಸುಮ್ನೆ ಕೂತರು. "ಮೂರೂ ಅಂತ ಬರೀರಿ. ಮೂರೇ ಅಂದ್ರ ಬಾಜೂ ಶೆಡ್‌ನವ ಒಂದು ಫ್ಯಾನ್ ಕೂಡಿಸಿ ನಂದ ಬ್ಯಾರೆ ಅಂತಾನ್ರಿ."

ಕಂಪ್ರೈಸಿಂಗ್ (ಇವು ಇರುವ, ಬೇರೆಯೂ ಇರಬಹುದಾದ) ಮತ್ತು ಕನ್ಸಿಸ್ಟಿಂಗ್ ಆಫ್ (ಇವಷ್ಟೇ ಇರುವ), ಈ ಎರಡರ ವ್ಯತ್ಯಾಸ ಕಲಿಯಲು ನನಗೆ ಒಂದು ವರ್ಷ ಬೇಕಾಗಿತ್ತು. ಸರ್ ಅದನ್ನು ಒಂದು ಅಕ್ಷರದಲ್ಲಿ ತೋರಿಸಿಬಿಟ್ಟರು. ಅರ್ಜಿ ಹೋಗುವುದು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ, ಆದ್ದರಿಂದ ಶೆಡ್‌ನ ಕನ್ನಡದಿಂದ ಕ್ಲೈಮ್‌ವರೆಗಿನ ಈ ದಾರಿ ಯಾವ ಕಾಗದದಲ್ಲೂ ಉಳಿಯುವುದಿಲ್ಲ. ನೀವು ನೆನಪಿಟ್ಟು ಹೇಳಿದರೆ ಮಾತ್ರ ಉಳಿಯುತ್ತದೆ. ಆ ಯಂತ್ರದವರೂ ಸಭೆಗೆ ಬಂದಿದ್ದರು. ಸರ್ ಹೇಳಿದ ಮಾತನ್ನು ನಾನು ಒಂದು ಕಡೆ ತಪ್ಪಾಗಿ ಹೇಳಿದೆ, ಅವರು ಎದ್ದು ನಿಂತು ಸರಿಮಾಡಿದರು. ಅದನ್ನೆಲ್ಲ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಡಿ.

ಕಚೇರಿ ಅರ್ಜಿಗಳನ್ನು ಪ್ರಕಟಿಸುವ ಪೇಟೆಂಟ್ ಜರ್ನಲ್ ಪ್ರತಿ ಶುಕ್ರವಾರ ಬರುತ್ತದೆ, ನಿಮಗೆ ಗೊತ್ತೇ ಇದೆ. ಸಾಮಾನ್ಯವಾಗಿ ಅರ್ಜಿ 18 ತಿಂಗಳಿಗೆ ಪ್ರಕಟವಾಗುತ್ತದೆ, ಅಂದರೆ ನಮ್ಮವರು ಹೋದ ಮೇಲೂ ಒಂದೂವರೆ ವರ್ಷದ ತನಕ ಅವರು ಬರೆದದ್ದು ಅದರಲ್ಲಿ ಬರುತ್ತಲೇ ಇರುತ್ತದೆ. ಅವರ ಕೊನೆಯ ಅರ್ಜಿ ಯಾವ ತಿಂಗಳು ಬರಬಹುದು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅದು ಬಂದ ಶುಕ್ರವಾರ ಸಂಜೆ ನಾಲ್ಕು ಜನ ಕೂಡಿ, ಗಿರ್ಮಿಟ್, ಚಹಾ ತರಿಸಿ, ಅದನ್ನೊಮ್ಮೆ ಓದಿ. ನಾವು ಹಾಗೆ ಮಾಡಿದೆವು. ವರ್ಷದ ಪುಣ್ಯತಿಥಿಗಿಂತ ಆ ಸಂಜೆಯೇ ನನಗೆ ಹತ್ತಿರದ್ದು ಅನ್ನಿಸಿತು.

ಅವರ ಹೆಸರಿನಲ್ಲಿ ಏನಾದರೂ ಕೊಡಬೇಕು ಎನ್ನುವವರಿಗೆ: ಒಬ್ಬ ಕುಶಲಕರ್ಮಿಯ ಅರ್ಜಿಯ ಖರ್ಚು ಹಂಚಿಕೊಳ್ಳಿ. ಸ್ವಂತ ಹೆಸರಿನಲ್ಲಿ ಆನ್‌ಲೈನ್ ಹಾಕುವವರಿಗೆ ಅರ್ಜಿ ಶುಲ್ಕ 1600 ರೂಪಾಯಿ, ಪರೀಕ್ಷೆ ಕೋರಲು 4000. ಬರೆಯುವ ಕೂಲಿ ನಮ್ಮದು. ಏಪ್ರಿಲ್ 26ರ ವಿಶ್ವ ಬೌದ್ಧಿಕ ಆಸ್ತಿ ದಿನಕ್ಕೆ ನಮ್ಮ ಕಡೆಯ ಕಾಲೇಜಿನವರು ಭಾಷಣಕ್ಕೆ ಕರೆದರೆ, ಅಲ್ಲಿ ಅವರ ಒಂದು ಕ್ಲೈಮ್ ತೋರಿಸಿ. ಅವರ ಪುಸ್ತಕ, ಟಿಪ್ಪಣಿಗಳು ಏಜೆಂಟ್ ಪರೀಕ್ಷೆಗೆ ಓದುವ ಹುಡುಗರಿಗೆ ಹೋಗಲಿ, ರದ್ದಿಗೆ ಬೇಡ.

ಕೊನೆಯದಾಗಿ ಮನೆಯವರಿಗೆ ಒಂದು ಪುಸ್ತಕ ಮಾಡಿಕೊಡಿ. ಪ್ರಕಟವಾದ ಅರ್ಜಿಗಳಲ್ಲಿ ಅವರ ಸಹಿ ಇರುವ ಪುಟಗಳನ್ನು ಮಾತ್ರ ಪ್ರಿಂಟ್ ತೆಗೆದು, ತಾರೀಖಿನ ಪ್ರಕಾರ ಜೋಡಿಸಿ ಬೈಂಡ್ ಮಾಡಿಸಿ. ನಾವು ಒಯ್ದುಕೊಟ್ಟಾಗ ವೈನಿ ಯಂತ್ರದ ಹೆಸರು ನೋಡಲಿಲ್ಲ, ತಾರೀಖು ನೋಡಿದರು. "ಇದು ನಮ್ಮ ಹುಡುಗಿ ಮದುವಿ ವಾರ. ಹಂದರದಾಗ ಲ್ಯಾಪ್‌ಟಾಪ್ ಹಿಡ್ಕೊಂಡು ಕುಂತಿದ್ದರು, ನಾ ಬೈದಿದ್ದೆ" ಎಂದರು. ಪೆನ್ ಕೇಳಿ ಇಸಿದುಕೊಂಡು ಅದನ್ನು ಅಲ್ಲೇ ಬರೆದರು. ಜಾಗ ಸಾಲದೆ ಸಾಲು ಓರೆಯಾಗಿ ಮೇಲೆ ಹತ್ತಿತು. ನೀವು ಬೈಂಡ್ ಮಾಡಿಸುವಾಗ ಪ್ರತಿ ಪುಟದ ಪಕ್ಕ ಎರಡು ಇಂಚು ಖಾಲಿ ಬಿಡಿಸಿ.