ನೆತ್ತಿಗೆ ಬರುವ ಮೂರು ಗ್ಯಾಲಕ್ಸಿಗಳು

ಸಿಂಹರಾಶಿಯ ಎಂ65, ಎಂ66, ಎನ್‌ಜಿಸಿ 3628 ಇರುವುದು +13 ಡಿಗ್ರಿ ಡಿಕ್ಲಿನೇಷನ್ನಿನ (ಆಕಾಶದ ಅಕ್ಷಾಂಶದ) ಆಸುಪಾಸಿನಲ್ಲಿ. ಬೆಂಗಳೂರಿನ ಅಕ್ಷಾಂಶವೂ 13. ಹಾಗಾಗಿ ಏಪ್ರಿಲ್ ನಡುವಿನಲ್ಲಿ ರಾತ್ರಿ ಹತ್ತರ ಸುಮಾರಿಗೆ ಮೂರೂ ನೆತ್ತಿಯ ಮೇಲಿರುತ್ತವೆ. ಆಕಾಶ ಅಲ್ಲೇ ಅತಿ ಸ್ವಚ್ಛ. ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟಿಗೆ ಅತಿ ಕಷ್ಟವೂ ಅಲ್ಲೇ.

ಪುಬ್ಬದ ಎರಡು ತಾರೆಗಳಲ್ಲಿ ದಕ್ಷಿಣದ್ದು ಥೀಟಾ. ಅಲ್ಲಿಂದ ಸಿಂಹದ ಅಯೋಟಾ ತಾರೆಯ ಕಡೆಗೆ ಅರ್ಧ ದಾರಿ ಹೋದರೆ ಸಾಕು, ಇವು ಸಿಗುತ್ತವೆ. 8 ಇಂಚಿನ ಎಫ್/5 (ನಾಭಿದೂರ ಕನ್ನಡಿಯ ವ್ಯಾಸದ ಐದು ಪಟ್ಟು) ನ್ಯೂಟೋನಿಯನ್ ಕನ್ನಡಿ ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 40 ಪಟ್ಟು, ಮೂರೂ ಒಂದೇ ನೋಟದಲ್ಲಿ. ಎನ್‌ಜಿಸಿ 3628 ಮಾತ್ರ ನೇರ ನೋಡದೆ ಪಕ್ಕಕ್ಕೆ ನೋಡುವ ಓರೆಗಣ್ಣಿಗೆ ದಕ್ಕುವಂಥದ್ದು. ಡಾಬ್ಸೋನಿಯನ್ (ಬುಡ ಅಡ್ಡಕ್ಕೆ, ಕೊಳವೆ ಮೇಲೆ-ಕೆಳಗೆ ತಿರುಗುವ ದೂರದರ್ಶಕ) ಇದ್ದವರು ನೆತ್ತಿಗೆ ಬರುವ ಒಂದು ಗಂಟೆ ಮುಂಚೆಯೇ ನೋಡಿ ಮುಗಿಸುವುದು ಒಳ್ಳೆಯದು. ನೆತ್ತಿಯ ಬಳಿ ಬುಡವನ್ನು ಎಷ್ಟು ತಿರುಗಿಸಿದರೂ ಕೊಳವೆ ಗುರಿಗೆ ಸಿಗದು.

ಫೋಟೋಗೆ ಜರ್ಮನ್ ಈಕ್ವಟೋರಿಯಲ್ ಮೌಂಟ್ ಬಳಸುತ್ತೇನೆ; ಅದರ ಒಂದು ಅಕ್ಷ ಧ್ರುವದತ್ತ ಮುಖ ಮಾಡಿ ಆಕಾಶದ ಜೊತೆಗೇ ತಿರುಗುತ್ತದೆ. ನಮ್ಮ ಅಕ್ಷಾಂಶಕ್ಕೆ ತಕ್ಕಂತೆ 13 ಡಿಗ್ರಿಗೆ ಇಳಿಸಿದರೆ ಆ ಧ್ರುವಾಕ್ಷ ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಕೌಂಟರ್‌ವೇಯ್ಟ್ (ಸಮತೂಕದ ಭಾರದ) ಸರಳು ನೇರ ಕೆಳಗೆ ತೂಗಿ ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುತ್ತದೆ. ಕೈಪಿಡಿಗಳು ಒಂದು ಕಾಲನ್ನು ಉತ್ತರಕ್ಕಿಡಿ ಎನ್ನುತ್ತವೆ, ಅದು ಯುರೋಪಿನವರಿಗೆ ಸರಿ. ನಾನು ಎರಡು ಕಾಲನ್ನು ಉತ್ತರಕ್ಕೆ ಮಾಡುತ್ತೇನೆ, ಸರಳು ನಡುವೆ ಹಾಯುತ್ತದೆ. ಧ್ರುವ ನಕ್ಷತ್ರ ಮಬ್ಬಿನಲ್ಲೋ ಮರದ ಹಿಂದೋ ಇರುವುದೇ ಹೆಚ್ಚು, ಆದ್ದರಿಂದ ಪ್ಲೇಟ್ ಸಾಲ್ವಿಂಗಿನಲ್ಲಿ (ಚಿತ್ರದ ನಕ್ಷತ್ರಗಳಿಂದ ದಿಕ್ಕು ಗುರುತಿಸುವ ತಂತ್ರ) ಮೂರು ಬಿಂದು ಹಿಡಿದು ಪೋಲಾರ್ ಅಲೈನ್ಮೆಂಟ್ (ಅಕ್ಷವನ್ನು ಧ್ರುವಕ್ಕೆ ಹೊಂದಿಸುವುದು) ಮಾಡಿಕೊಳ್ಳುತ್ತೇನೆ.

ಕ್ಯಾಮೆರಾದ್ದು ಎಪಿಎಸ್-ಸಿ ಅಳತೆಯ ಸೆನ್ಸರ್, ಅದನ್ನು ತಣಿಸುವುದು ಮೈನಸ್ 10 ಡಿಗ್ರಿಗೆ, 120 ಸೆಕೆಂಡಿನ ನೂರು ಫ್ರೇಮ್. ನೀಹಾರಿಕೆಗೆ ಹಾಕುವ, ಕೆಲವೇ ಬಣ್ಣ ಬಿಡುವ ನ್ಯಾರೋಬ್ಯಾಂಡ್ ಫಿಲ್ಟರ್ ಇಲ್ಲಿ ದಂಡ; ಗ್ಯಾಲಕ್ಸಿಯ ಬೆಳಕು ಬಹುಪಾಲು ನಕ್ಷತ್ರಗಳದ್ದು, ಎಲ್ಲ ಬಣ್ಣದ್ದು. ಮೆರಿಡಿಯನ್ (ನೆತ್ತಿಯ ಮೇಲೆ ಹಾಯುವ ಉತ್ತರ-ದಕ್ಷಿಣ ಗೆರೆ) ದಾಟುವ ಐದು ನಿಮಿಷ ಮೊದಲೇ ನಿಲ್ಲಿಸಿ, ಫ್ಲಿಪ್ (ದೂರದರ್ಶಕ ಮೌಂಟಿನ ಇನ್ನೊಂದು ಬದಿಗೆ ಹೊರಳುವುದು) ಆದಮೇಲೆ ಫೋಕಸನ್ನು ಮತ್ತೆ ನೋಡುತ್ತೇನೆ. ಕ್ಯಾಮೆರಾ ತಿರುಗಿಸದಿದ್ದರೆ, ಧೂಳಿನ ಕಲೆ, ಅಂಚಿನ ಮಬ್ಬು ಸರಿಪಡಿಸುವ ಅದೇ ಫ್ಲಾಟ್‌ಗಳು ನಡೆಯುತ್ತವೆ.

ಚೌಕಟ್ಟಿನ ಉದ್ದವನ್ನು ಪೂರ್ವ-ಪಶ್ಚಿಮಕ್ಕಿಟ್ಟು, ಮೂವರನ್ನೂ ಪಶ್ಚಿಮಕ್ಕೆ ಸರಿಸುತ್ತೇನೆ. ಕಾರಣ, ಎನ್‌ಜಿಸಿ 3628ರಿಂದ ಪೂರ್ವಕ್ಕೆ ಸುಮಾರು 3 ಲಕ್ಷ ಜ್ಯೋತಿರ್ವರ್ಷ ಉದ್ದದ ನಕ್ಷತ್ರಗಳ ಬಾಲವಿದೆ. ನೆರೆಯ ಗ್ಯಾಲಕ್ಸಿಯ ಗುರುತ್ವ ಎಳೆದದ್ದು. ಫ್ರೇಮುಗಳನ್ನು ಒಟ್ಟುಗೂಡಿಸಿ ಸ್ಟ್ಯಾಕ್ ಮಾಡಿದ ಮೇಲೆ ಬಹಳ ಮಂದಿ ಅದನ್ನು ತಾವೇ ಅಳಿಸಿಬಿಡುತ್ತಾರೆ. ಗ್ರೇಡಿಯಂಟ್ (ಹಿನ್ನೆಲೆ ಬೆಳಕಿನ ಏರಿಳಿತ) ತೆಗೆಯುವಾಗ, ಹಿನ್ನೆಲೆ ಅಳೆಯಲು ಸಾಫ್ಟ್‌ವೇರ್ ತಾನಾಗಿ ಚೆಲ್ಲುವ ಬಿಂದುಗಳಲ್ಲಿ ನಾಲ್ಕಾರು ಈ ಬಾಲದ ಮೇಲೇ ಬೀಳುತ್ತವೆ, ಅದನ್ನೂ ಹಿನ್ನೆಲೆಯ ಬೆಳಕೆಂದೇ ಲೆಕ್ಕ ಹಾಕಿ ಕಳೆದುಬಿಡುತ್ತದೆ. ಚಿತ್ರದ ಮಸುಕು ಬೆಳಕನ್ನು ಮೊದಲು ತಾತ್ಕಾಲಿಕವಾಗಿ ವಿಪರೀತ ಹಿಗ್ಗಿಸಿ ಬಾಲ ಎಲ್ಲಿದೆ ಎಂದು ನೋಡಿಕೊಂಡು, ಅದರ ಮೇಲಿನ ಬಿಂದುಗಳನ್ನು ಒಂದೊಂದಾಗಿ ಕೈಯಿಂದ ಕೀಳುತ್ತೇನೆ.